ಸೊಂಟದ ಕೀಲು ಬದಲಾಯಿಸಿದ ಮೇಲೆ: ರಿಹ್ಯಾಬ್ ಕೇಂದ್ರವೋ, ಮನೆಯೋ?

ಆಪರೇಷನ್ ಆಗಿ ಎರಡನೇ ದಿನವೋ ಮೂರನೇ ದಿನವೋ ವಾರ್ಡಿನಲ್ಲಿ ಪ್ರಶ್ನೆ ಬರುತ್ತದೆ: "ನಾಳೆ ಡಿಸ್ಚಾರ್ಜ್. ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?" ಆಗ ರೋಗಿ ನೋವಿನ ಮಾತ್ರೆಯ ಮಂಪರಿನಲ್ಲಿರುತ್ತಾರೆ. ಮನೆಯವರು ಎರಡು ರಾತ್ರಿ ನಿದ್ದೆಗೆಟ್ಟಿರುತ್ತಾರೆ. ಆ ಹೊತ್ತಿನಲ್ಲಿ ಆಗುವ ತೀರ್ಮಾನ ಹೆಚ್ಚಾಗಿ ಭಯದಿಂದ ಆಗುವಂಥದ್ದು. "ಅಲ್ಲಾದರೆ ಎಲ್ಲ ನೋಡಿಕೊಳ್ಳುತ್ತಾರೆ" ಎಂದು ಅಗತ್ಯವೇ ಇಲ್ಲದವರನ್ನು ಮೂರು ವಾರ ರಿಹ್ಯಾಬ್ (ಪುನಶ್ಚೇತನ) ಕೇಂದ್ರಕ್ಕೆ ಸೇರಿಸುವವರಿದ್ದಾರೆ. "ಮನೆಯಲ್ಲಿ ಹೇಗೋ ಆಗುತ್ತದೆ" ಎಂದು, ನಡುರಾತ್ರಿ ಕೈಹಿಡಿದು ಶೌಚಾಲಯಕ್ಕೆ ಕರೆದೊಯ್ಯಲು ಯಾರೂ ಇಲ್ಲದ ಮನೆಗೆ ಕರೆದುಕೊಂಡು ಹೋಗುವವರೂ ಇದ್ದಾರೆ. ದಿನಾಂಕ ಮೊದಲೇ ಗೊತ್ತಿರುವ ಆಪರೇಷನ್ ಆದರೆ ಈ ನಿರ್ಧಾರ ಮೂರು-ನಾಲ್ಕು ವಾರ ಮುಂಚೆ ಆಗಿರಬೇಕು. ಏಕೆಂದರೆ ಅದಕ್ಕೆ ಬೇಕಾದ ಮಾಹಿತಿಯೆಲ್ಲ ಆಗಲೇ ನಿಮ್ಮ ಬಳಿ ಇರುತ್ತದೆ. ಹಾಕುವ ಕೀಲು ಯಾವ ಕಂಪನಿಯದು ಎಂಬುದರ ಮೇಲೆ ಈ ಆಯ್ಕೆ ನಿಂತಿಲ್ಲ. ರೋಗಿ ಈಗ ಎಷ್ಟು ನಡೆಯುತ್ತಾರೆ, ಜತೆಗೆ ಯಾರಿದ್ದಾರೆ, ಮನೆ ಹೇಗಿದೆ, ಬೇರೆ ಯಾವ ಕಾಯಿಲೆಗಳಿವೆ ಎಂಬುದರ ಮೇಲೆ ನಿಂತಿದೆ.

ಆಪರೇಷನ್ ಯಾಕೆ ಆಯಿತು?

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಇದು. ಕೀಲು ಸವೆದು, ವರ್ಷಗಟ್ಟಲೆ ನೋವು ತಿಂದು, ದಿನ ಗೊತ್ತು ಮಾಡಿ ಮಾಡಿಸಿಕೊಂಡ ಆಪರೇಷನ್ ಒಂದು. ಬಿದ್ದು, ತೊಡೆಮೂಳೆಯ ಕುತ್ತಿಗೆ ಮುರಿದು, ತುರ್ತಾಗಿ ಆದದ್ದು ಇನ್ನೊಂದು. ಗಾಯದ ಗುರುತು ಎರಡರಲ್ಲೂ ಒಂದೇ ಥರ ಕಂಡರೂ ಚೇತರಿಕೆಯ ದಾರಿ ಬೇರೆ.

ಯೋಜಿತ ಆಪರೇಷನ್ ಆದವರಲ್ಲಿ ಹೆಚ್ಚಿನವರು ನೇರ ಮನೆಗೆ ಹೋಗಬಹುದು. 2008ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನ ಸೊಂಟ ಅಥವಾ ಮಂಡಿಯ ಕೀಲು ಬದಲಾಯಿಸಿಕೊಂಡ 234 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ರಿಹ್ಯಾಬ್ ಕೇಂದ್ರಕ್ಕೂ ಇನ್ನೊಂದನ್ನು ಮನೆಗೂ ಕಳಿಸಿತು. ಮೂರು ತಿಂಗಳ ಹೊತ್ತಿಗೆ ನೋವಿನಲ್ಲಾಗಲಿ, ಓಡಾಟದಲ್ಲಾಗಲಿ, ರೋಗಿಗಳ ಸಮಾಧಾನದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮನೆಗೆ ಹೋದವರಿಗೆ ಫಿಸಿಯೋಥೆರಪಿ ಇರಲಿಲ್ಲ ಎಂದು ಮಾತ್ರ ತಿಳಿಯಬೇಡಿ. ಥೆರಪಿಸ್ಟ್ ಅವರ ಮನೆಗೇ ಬರುತ್ತಿದ್ದರು. "ಮನೆ ಸಾಕು" ಎಂಬ ಮಾತಿನ ಅರ್ಥ "ವ್ಯಾಯಾಮ ಬೇಡ" ಎಂದಲ್ಲ.

ಮುರಿತದ ನಂತರದ ಕಥೆ ಹಾಗಲ್ಲ. ಇಂಥ ರೋಗಿಗಳು ಸಾಮಾನ್ಯವಾಗಿ ಹೆಚ್ಚು ವಯಸ್ಸಾದವರು. ಬಿದ್ದದ್ದಕ್ಕೇ ಒಂದು ಕಾರಣವಿರುತ್ತದೆ: ರಕ್ತದೊತ್ತಡ ಇಳಿದಿದ್ದು, ಕಣ್ಣು ಮಂಜಾಗಿದ್ದು, ಮಾತ್ರೆಗಳ ಅಡ್ಡಪರಿಣಾಮ, ಸ್ನಾಯುಗಳ ದುರ್ಬಲತೆ. ಆಪರೇಷನ್ ಬಳಿಕ ಹಠಾತ್ ಗೊಂದಲ, ರಾತ್ರಿ ಬಡಬಡಿಕೆ, ಊಟ ಬೇಡವೆನ್ನುವುದು ಸಾಮಾನ್ಯ. ಇವರಿಗೆ ವೈದ್ಯರು, ನರ್ಸ್, ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವವರು) ಎಲ್ಲರೂ ಕೂಡಿ ಒಂದೇ ಯೋಜನೆಯಡಿ ನೋಡಿಕೊಳ್ಳುವ ಒಳರೋಗಿ ರಿಹ್ಯಾಬ್‌ನಿಂದ ನಿಜವಾದ ಲಾಭವಿದೆ. ಮುರಿತವಾದವರಿಗೆ ಕೇಂದ್ರವೇ ಮೊದಲ ಆಯ್ಕೆ, ಮನೆ ವಿನಾಯಿತಿ. ಯೋಜಿತ ಆಪರೇಷನ್‌ಗೆ ಇದನ್ನು ತಿರುಗಿಸಿ ಓದಿ.

ನಾಲ್ಕು ದಾರಿಗಳು, ಅವುಗಳ ಒಳಗೇನಿದೆ

"ರಿಹ್ಯಾಬ್‌ಗೆ ಸೇರಿಸುತ್ತೇವೆ" ಎಂಬ ಒಂದೇ ಮಾತಿನಡಿ ಎರಡು ಬೇರೆಬೇರೆ ಜಾಗಗಳು ಅಡಗಿವೆ.

ಮೊದಲನೆಯದು ತೀವ್ರ ಒಳರೋಗಿ ರಿಹ್ಯಾಬ್. ಇಲ್ಲಿ ದಿನಕ್ಕೆ ಸುಮಾರು 3 ಗಂಟೆ ಥೆರಪಿ ಇರುತ್ತದೆ, ಎರಡು-ಮೂರು ಅವಧಿಗಳಲ್ಲಿ, ವಾರಕ್ಕೆ ಕನಿಷ್ಠ 5 ದಿನ. ರಿಹ್ಯಾಬ್ ವೈದ್ಯರು ನಿಯಮಿತವಾಗಿ ನೋಡುತ್ತಾರೆ. ರಾತ್ರಿ ನರ್ಸ್ ಇರುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಬಟ್ಟೆ ಹಾಕಿಕೊಳ್ಳುವುದು, ಸ್ನಾನ, ಅಡುಗೆಮನೆಯಲ್ಲಿ ನಿಲ್ಲುವುದು ಇವನ್ನೆಲ್ಲ ಕಲಿಸುತ್ತಾರೆ. ವಾಸ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಇದಕ್ಕೆ ರೋಗಿಯಲ್ಲಿ ಒಂದಿಷ್ಟು ತ್ರಾಣವೂ ಇರಬೇಕು. ದಿನಕ್ಕೆ ಒಂದು ಗಂಟೆ ಕೂರಲೂ ಆಗದವರನ್ನು ಇಲ್ಲಿ ಹಾಕಿದರೆ ಅವಧಿಗಳು ಒಂದೊಂದಾಗಿ ರದ್ದಾಗುತ್ತವೆ, ದಿನಗಳು ಮಾತ್ರ ಕಳೆಯುತ್ತವೆ.

ಎರಡನೆಯದು ಶುಶ್ರೂಷಾ ಕೇಂದ್ರದ ಜತೆಗಿರುವ ಫಿಸಿಯೋಥೆರಪಿ. ಇಲ್ಲಿ ನೋಡಿಕೊಳ್ಳುವವರು ಇಡೀ ದಿನ ಇರುತ್ತಾರೆ, ಥೆರಪಿ ಮಾತ್ರ ಅರ್ಧ ಗಂಟೆಯೋ ಒಂದು ಗಂಟೆಯೋ, ವಾರಾಂತ್ಯದಲ್ಲಿ ಎಷ್ಟೋ ಕಡೆ ಅದೂ ಇಲ್ಲ. ನಿಧಾನವಾಗಿ ಚೇತರಿಸಿಕೊಳ್ಳುವ ಬಲಹೀನ ರೋಗಿಗೆ ಇದು ಸರಿಯಾದ ಜಾಗವೇ. ತೊಂದರೆ ಆಗುವುದು ಇದನ್ನೇ ತೀವ್ರ ರಿಹ್ಯಾಬ್ ಎಂದುಕೊಂಡು ಸೇರಿದಾಗ. ದಿನಕ್ಕೆ 40 ನಿಮಿಷ ನಡೆಸಿ ಉಳಿದ ಹೊತ್ತೆಲ್ಲ ಹಾಸಿಗೆಯಲ್ಲಿ ಕಳೆದರೆ ತೊಡೆ ಮತ್ತು ಪಿರ್ರೆಯ ಸ್ನಾಯುಗಳು ಕರಗುತ್ತವೆ. ಮನೆಯಲ್ಲಿದ್ದಿದ್ದರೆ ಬಾಗಿಲು ತೆರೆಯಲು, ನೀರು ತೆಗೆದುಕೊಳ್ಳಲು ಎಂದು ಎದ್ದು ಇದಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಿದ್ದರು.

ಮೂರನೆಯದು ಮನೆ, ಥೆರಪಿಸ್ಟ್ ಮನೆಗೆ ಬರುವ ವ್ಯವಸ್ಥೆಯೊಂದಿಗೆ. ವಾರಕ್ಕೆ ಎರಡು-ಮೂರು ಭೇಟಿ, ಉಳಿದ ದಿನ ಸ್ವಂತ ವ್ಯಾಯಾಮ. ಇದರ ದೊಡ್ಡ ಅನುಕೂಲ, ರೋಗಿ ಕಲಿಯುವುದು ತನ್ನದೇ ಮಂಚದಿಂದ ಏಳುವುದನ್ನು, ತನ್ನದೇ ಮೆಟ್ಟಿಲು ಹತ್ತುವುದನ್ನು. ಕೇಂದ್ರದ ಅಗಲವಾದ ಬಾಗಿಲು, ಎರಡೂ ಕಡೆ ಕಂಬಿಯಿರುವ ನಾಲ್ಕೇ ಮೆಟ್ಟಿಲು ಮನೆಯಲ್ಲಿ ಇರುವುದಿಲ್ಲ.

ನಾಲ್ಕನೆಯದು ಮನೆಯಲ್ಲಿದ್ದುಕೊಂಡು ಕ್ಲಿನಿಕ್ಕಿಗೆ ಹೋಗಿಬರುವುದು. ಮೊದಲ ಎರಡು ವಾರ ಇದು ಹೆಚ್ಚಿನವರಿಗೆ ಕಷ್ಟ, ಕಾರಿನ ತಗ್ಗು ಸೀಟಿಗೆ ಹತ್ತಿಳಿಯುವುದೇ ಒಂದು ಸಾಹಸ. ಆದರೆ ಆರನೇ ವಾರದಿಂದ ಇದಕ್ಕಿಂತ ಉಪಯುಕ್ತವಾದ ದಾರಿ ಇಲ್ಲ. ಸೊಂಟದ ಪಕ್ಕದ ಸ್ನಾಯುಗಳನ್ನು ಗಟ್ಟಿಮಾಡುವ ಕೆಲಸ ನಿಜವಾಗಿ ನಡೆಯುವುದು ಆಗ. ಬಹಳ ಜನ ನೋವು ಹೋಯಿತೆಂದು ಇದೇ ಹಂತದಲ್ಲಿ ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ.

ಅಂಕ ಹಾಕಿ ನೋಡುವ ಬಗೆ

ರಾಪ್ಟ್ (RAPT, ರಿಸ್ಕ್ ಅಸೆಸ್‌ಮೆಂಟ್ ಅಂಡ್ ಪ್ರೆಡಿಕ್ಷನ್ ಟೂಲ್) ಎಂಬ ಹೆಸರಿನ ಒಂದು ಸರಳ ಅಂಕಪಟ್ಟಿ ಇದೆ. ಆಪರೇಷನ್‌ಗೆ ಮುಂಚೆ ತುಂಬುವಂಥದ್ದು, ಒಟ್ಟು 12 ಅಂಕ, ಆರು ಪ್ರಶ್ನೆ. ವಯಸ್ಸು 50ರಿಂದ 65 ಇದ್ದರೆ 2, 66ರಿಂದ 75 ಇದ್ದರೆ 1, ಅದಕ್ಕೂ ಮೇಲೆ 0. ಗಂಡಸಿಗೆ 2, ಹೆಂಗಸಿಗೆ 1. ಎರಡು ಬೀದಿಯಷ್ಟು ದೂರವೋ ಇನ್ನೂ ಹೆಚ್ಚೋ ನಡೆಯುವವರಿಗೆ 2, ಅದಕ್ಕಿಂತ ಕಡಿಮೆ ನಡೆಯುವವರಿಗೆ 1, ಬಹುಪಾಲು ಮನೆಯೊಳಗೇ ಇರುವವರಿಗೆ 0. ಆಸರೆಯಿಲ್ಲದೆ ನಡೆದರೆ 2, ಒಂದು ಕೋಲಿದ್ದರೆ 1, ವಾಕರ್ ಅಥವಾ ಎರಡು ಊರುಗೋಲು ಬೇಕಿದ್ದರೆ 0. ಮನೆಗೆಲಸ, ನರ್ಸ್ ಮುಂತಾದ ಹೊರಗಿನ ನೆರವು ವಾರಕ್ಕೆ ಒಂದು ಸಲವೋ ಅಥವಾ ಇಲ್ಲವೇ ಇಲ್ಲವೋ ಆದರೆ 1, ಎರಡು ಸಲ ಅಥವಾ ಹೆಚ್ಚು ಬೇಕಿದ್ದರೆ 0. ಕೊನೆಯ ಪ್ರಶ್ನೆ, ಆಪರೇಷನ್ ನಂತರ ಜತೆಗಿದ್ದು ನೋಡಿಕೊಳ್ಳುವವರು ಇದ್ದಾರೆಯೇ? ಇದ್ದರೆ 3, ಇಲ್ಲದಿದ್ದರೆ 0.

ಒಟ್ಟು 9ಕ್ಕಿಂತ ಹೆಚ್ಚಾದರೆ ನೇರ ಮನೆಗೆ, 6ರಿಂದ 9 ಇದ್ದರೆ ಹೆಚ್ಚುವರಿ ಏರ್ಪಾಡಿನೊಂದಿಗೆ ಮನೆಗೆ, 6ಕ್ಕಿಂತ ಕಡಿಮೆಯಾದರೆ ಒಳರೋಗಿ ರಿಹ್ಯಾಬ್ ಬೇಕಾಗುವ ಸಂಭವ ಹೆಚ್ಚು.

ಒಂದು ಲೆಕ್ಕ ನೋಡಿ. 78 ವರ್ಷದ ಹೆಂಗಸು, ಒಂದು ಕೋಲು ಹಿಡಿದು ಒಂದು ಬೀದಿ ನಡೆಯುತ್ತಾರೆ, ಹೊರಗಿನ ನೆರವು ಪಡೆಯುತ್ತಿಲ್ಲ. ವಯಸ್ಸಿಗೆ 0, ಮುಂದಿನ ನಾಲ್ಕಕ್ಕೆ ಒಂದೊಂದು, ಸೇರಿ 4. ಜತೆಯಲ್ಲಿ ಗಟ್ಟಿಮುಟ್ಟಾದ ಗಂಡನೋ ಮಗಳೋ ಇದ್ದರೆ 7, ಮನೆಗೆ ಹೋಗಬಹುದು. ಒಬ್ಬರೇ ಇದ್ದರೆ 4, ಕೇಂದ್ರವೇ ಒಳ್ಳೆಯದು. ದೇಹ ಅದೇ, ಕೀಲು ಅದೇ, ಬದಲಾದದ್ದು ಮನೆಯಲ್ಲಿರುವ ಒಬ್ಬ ವ್ಯಕ್ತಿ. ಇಡೀ ಪಟ್ಟಿಯಲ್ಲಿ ವಯಸ್ಸಿಗಿಂತ ಭಾರವಾದ ಪ್ರಶ್ನೆ ಇದೇ. ಆದ್ದರಿಂದ ಉತ್ತರವನ್ನು ಪ್ರಾಮಾಣಿಕವಾಗಿ ಕೊಡಿ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವ ಮಗನಿದ್ದರೆ ಹಗಲಿಗೆ ಯಾರೂ ಇಲ್ಲವೆಂದೇ ಅರ್ಥ. ತನಗೇ ಬೆನ್ನುನೋವಿರುವ 80ರ ಗಂಡ ಜತೆಗಿರಬಹುದು, ಆದರೆ ಎತ್ತಿ ಹಿಡಿಯಲಾರರು.

ಪಟ್ಟಿ ಕೇಳದೆ ಬಿಟ್ಟಿರುವ ಸಂಗತಿಗಳೂ ಇವೆ. ಎರಡೂ ಸೊಂಟಗಳಿಗೆ ಒಟ್ಟಿಗೆ ಆಪರೇಷನ್ ಆದವರು, ಹಳೆಯ ಕೃತಕ ಕೀಲನ್ನು ತೆಗೆದು ಮತ್ತೊಮ್ಮೆ ಹಾಕಿಸಿಕೊಂಡವರು, ಕಾಲಿನ ಮೇಲೆ ಪೂರ್ತಿ ಭಾರ ಹಾಕಬಾರದೆಂದು ಸರ್ಜನ್ ಹೇಳಿದವರು, ಪಾರ್ಕಿನ್ಸನ್ ಅಥವಾ ಹಳೆಯ ಪಾರ್ಶ್ವವಾಯು ಇರುವವರು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಹತೋಟಿಯಲ್ಲಿ ಇಲ್ಲದವರು ಇವರೆಲ್ಲ ಅಂಕ ಎಷ್ಟೇ ಬರಲಿ ಒಳರೋಗಿ ರಿಹ್ಯಾಬ್ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಮರೆವಿನ ಕಾಯಿಲೆಯದು ಮಾತ್ರ ಎರಡಲಗಿನ ಕತ್ತಿ. ಎಚ್ಚರಿಕೆಗಳನ್ನು ನೆನಪಿಟ್ಟುಕೊಳ್ಳಲಾರರು ಎಂಬ ಕಾರಣಕ್ಕೆ ಕೇಂದ್ರ ಬೇಕೆನಿಸುತ್ತದೆ, ಆದರೆ ಹೊಸ ಜಾಗ ಅವರ ಗೊಂದಲವನ್ನೇ ಹೆಚ್ಚಿಸುತ್ತದೆ. ಮನೆಯಲ್ಲಿ ಸದಾ ಒಬ್ಬರು ಇರಬಲ್ಲರಾದರೆ ನಾವು ಮನೆಯ ಕಡೆಗೇ ವಾಲುತ್ತೇವೆ.

ಎಲ್ಲೇ ಹೋಗಿ, ಮೊದಲು ಸರ್ಜನ್‌ರಿಂದ ಪಡೆಯಬೇಕಾದ ಚೀಟಿ

ಒಂದು ಹಾಳೆಯಲ್ಲಿ ಮೂರು ವಿಷಯ ಬರೆಸಿಕೊಳ್ಳಿ. ಕೀಲನ್ನು ಯಾವ ಕಡೆಯಿಂದ ತೆರೆದರು, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವ ಚಲನೆಗಳನ್ನು ಎಷ್ಟು ವಾರ ಮಾಡಬಾರದು.

ಇದು ಯಾಕೆ ಮುಖ್ಯವೆಂದರೆ, ನಿಷೇಧಗಳು ತೆರೆದ ದಿಕ್ಕಿಗೆ ತಕ್ಕಂತೆ ಬದಲಾಗುತ್ತವೆ. ಹಿಂದಿನಿಂದ ತೆರೆದಿದ್ದರೆ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಗೆ ತಿರುಗಿಸಬಾರದು. ಈ ಮೂರೂ ಒಟ್ಟಿಗೆ ಸೇರಿದಾಗ ಕೃತಕ ಕೀಲಿನ ಚೆಂಡು ಅದು ಕೂರುವ ಬಟ್ಟಲಿನ ಹಿಂಬದಿಯಿಂದ ಜಾರಬಹುದು. ತಗ್ಗು ಕುರ್ಚಿಯಲ್ಲಿ ಕೂತು, ಪಕ್ಕಕ್ಕೆ ಬಿದ್ದ ಕನ್ನಡಕ ಎತ್ತಲು ಬಾಗಿದಾಗ ಆಗುವುದು ಇದೇ. ಮುಂದಿನಿಂದ ತೆರೆದಿದ್ದರೆ ಅಪಾಯ ಉಲ್ಟಾ: ಕಾಲನ್ನು ತೀರಾ ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸುವುದು. ಪಕ್ಕದಿಂದ ತೆರೆದಿದ್ದರೆ ಅಲ್ಲಿನ ಸ್ನಾಯುವನ್ನು ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ಹಾಗಾಗಿ ಕಾಲನ್ನು ಸ್ವಂತ ಬಲದಿಂದ ಪಕ್ಕಕ್ಕೆ ಎತ್ತುವ ವ್ಯಾಯಾಮವನ್ನು ಕೆಲವು ವಾರ ತಡೆಹಿಡಿಯುತ್ತಾರೆ. ಕೆಲವು ಸರ್ಜನ್‌ಗಳು ಈಗ ಈ ನಿಷೇಧಗಳನ್ನು ಬಹಳ ಸಡಿಲಿಸಿದ್ದಾರೆ. ಪಕ್ಕದ ಹಾಸಿಗೆಯವರಿಗೆ ಹೇಳಿದ್ದನ್ನು ನಿಮಗೆ ಅನ್ವಯಿಸಿಕೊಳ್ಳಬೇಡಿ. ಈ ಚೀಟಿ ಇಲ್ಲದೆ ಹೋದರೆ ಕೇಂದ್ರದ ಥೆರಪಿಸ್ಟ್ ಸುರಕ್ಷತೆಗೆಂದು ಎಲ್ಲ ನಿಷೇಧಗಳನ್ನೂ ಹೇರುತ್ತಾರೆ, ಚೇತರಿಕೆ ನಿಧಾನವಾಗುತ್ತದೆ. ಇಲ್ಲವೇ ಮಾಡಬಾರದ ವ್ಯಾಯಾಮವನ್ನೇ ಮಾಡಿಸಿಬಿಡುತ್ತಾರೆ.

ಅದೇ ಹಾಳೆಯ ಹಿಂಬದಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧದ ಹೆಸರು, ಪ್ರಮಾಣ, ಕೊನೆಯ ದಿನಾಂಕ ಬರೆಸಿ. ಸೊಂಟದ ಕೀಲು ಬದಲಾಯಿಸಿದ ಮೇಲೆ ಇದನ್ನು ಸಾಮಾನ್ಯವಾಗಿ 28ರಿಂದ 35 ದಿನ ಮುಂದುವರಿಸುತ್ತಾರೆ. ಆಸ್ಪತ್ರೆಯಿಂದ ಕೇಂದ್ರಕ್ಕೆ, ಕೇಂದ್ರದಿಂದ ಮನೆಗೆ ಎಂದು ಎರಡು ಸಲ ಜಾಗ ಬದಲಾದಾಗ ನಡುವೆ ಕಳೆದುಹೋಗುವ ಔಷಧ ಹೆಚ್ಚಾಗಿ ಇದೇ. ಇಂಜೆಕ್ಷನ್ ಆಗಿದ್ದರೆ ಮನೆಯಲ್ಲಿ ಯಾರು ಚುಚ್ಚುತ್ತಾರೆ ಎಂಬುದನ್ನು ಡಿಸ್ಚಾರ್ಜ್ ಆಗುವ ಮುಂಚೆಯೇ ಕಲಿಸಿಕೊಡಲು ಹೇಳಿ.

ಕೇಂದ್ರ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

ಸ್ವಾಗತ ಕೊಠಡಿಯ ಹೊಳಪು, ಸಾಲಾಗಿ ನಿಲ್ಲಿಸಿದ ಯಂತ್ರಗಳು ನಿಮ್ಮನ್ನು ಮರುಳು ಮಾಡದಿರಲಿ. ಸೊಂಟದ ರಿಹ್ಯಾಬ್‌ಗೆ ದೊಡ್ಡ ಯಂತ್ರಗಳೇ ಬೇಕಿಲ್ಲ. ಮಂಡಿಯನ್ನು ತಾನಾಗಿ ಮಡಿಸಿ ಬಿಡಿಸುವ ಯಂತ್ರಕ್ಕೂ ಸೊಂಟದ ಆಪರೇಷನ್‌ಗೂ ಸಂಬಂಧವಿಲ್ಲ. ಬೇಕಾದ್ದು ಸಮಾನಾಂತರ ಕಂಬಿಗಳು, ನಿಜವಾದ ಮೆಟ್ಟಿಲು, ಎತ್ತರ ಬದಲಿಸಬಹುದಾದ ಮಂಚ, ಉದ್ದನೆಯ ಓಣಿ. ಎಲ್ಲಕ್ಕಿಂತ ಹೆಚ್ಚಾಗಿ ಕೈಹಿಡಿದು ನಡೆಸುವ ಥೆರಪಿಸ್ಟ್‌ನ ಸಮಯ.

ಹೀಗೆ ಕೇಳಿ:
- ಒಬ್ಬ ರೋಗಿಗೆ ಒಬ್ಬ ಥೆರಪಿಸ್ಟ್ ಎಂಬಂತೆ ದಿನಕ್ಕೆ ಎಷ್ಟು ನಿಮಿಷ? ಗುಂಪಿನಲ್ಲಿ ಎಷ್ಟು?
- ಶನಿವಾರ, ಭಾನುವಾರ ಏನು ನಡೆಯುತ್ತದೆ? ಶುಕ್ರವಾರ ಸಂಜೆ ಸೇರಿದರೆ ಮೊದಲ ಥೆರಪಿ ಯಾವಾಗ?
- ರಾತ್ರಿ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಾರೆ? ಕರೆಗಂಟೆ ಒತ್ತಿದರೆ ಬರಲು ಎಷ್ಟು ಹೊತ್ತು?
- ಗಾಯ ಸೋರಿದರೆ, ಜ್ವರ ಬಂದರೆ ಯಾರು ನೋಡುತ್ತಾರೆ, ಸರ್ಜನ್‌ಗೆ ಯಾರು ತಿಳಿಸುತ್ತಾರೆ?
- ಬಿಡುಗಡೆಯ ಗುರಿ ಏನು, ಅಂದಾಜು ದಿನ ಯಾವುದು?

ಮೂರನೇ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಂದ್ರಗಳಲ್ಲಿ ಬೀಳುವವರು ಥೆರಪಿ ಕೊಠಡಿಯಲ್ಲಿ ಬೀಳುವುದು ಅಪರೂಪ. ಗಂಟೆ ಒತ್ತಿ, ಕಾದು, ತಡೆಯಲಾಗದೆ ಒಬ್ಬರೇ ಶೌಚಾಲಯಕ್ಕೆ ಹೊರಟಾಗ ಬೀಳುತ್ತಾರೆ. ಕೊನೆಯ ಪ್ರಶ್ನೆಗೆ ಮೊದಲ ಎರಡು-ಮೂರು ದಿನಗಳೊಳಗೆ ಸ್ಪಷ್ಟ ಉತ್ತರ ಸಿಗಬೇಕು. "ನೋಡೋಣ, ಚೇತರಿಸಿಕೊಳ್ಳಲಿ" ಎಂದಷ್ಟೇ ಹೇಳುವ ಕಡೆ ವಾಸ ಸುಮ್ಮನೆ ಉದ್ದವಾಗುತ್ತದೆ.

ಸಾಧ್ಯವಾದರೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೇಳದೆ ಹೋಗಿ ನೋಡಿ. ಆ ಹೊತ್ತಿನಲ್ಲಿ ರೋಗಿಗಳು ಓಣಿಯಲ್ಲಿ ನಡೆಯುತ್ತಿದ್ದರೆ, ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕೂತಿದ್ದರೆ ಅದು ಕೆಲಸ ನಡೆಯುವ ಜಾಗ. ಬಹುಪಾಲು ಜನ ಆಸ್ಪತ್ರೆಯ ನಿಲುವಂಗಿಯಲ್ಲಿ ಮಲಗಿದ್ದರೆ ಬೇರೆ ಕಡೆ ಹುಡುಕಿ.

ಮನೆಯನ್ನು ಆರಿಸಿದರೆ

ಮನೆಯಲ್ಲಿ ಟೇಪು ಹಿಡಿದು ಅಳೆಯುವ ಕೆಲಸ ಮೊದಲು. ರೋಗಿಯ ಮಂಡಿಯ ಹಿಂಬದಿಯ ಮಡಿಕೆಯಿಂದ ನೆಲದವರೆಗೆ ಎಷ್ಟಿದೆಯೋ ಅದಕ್ಕೆ 5 ಸೆಂ.ಮೀ. ಸೇರಿಸಿ. ಕುರ್ಚಿ, ಮಂಚ, ಕಮೋಡ್ ಮೂರೂ ಅದಕ್ಕಿಂತ ತಗ್ಗಿರಬಾರದು. ಕಮೋಡ್ ಮೇಲೆ ಕೂರಿಸುವ ಎತ್ತರದ ಸೀಟು ಸಾಮಾನ್ಯವಾಗಿ 10 ಸೆಂ.ಮೀ. ಎತ್ತರ ಕೊಡುತ್ತದೆ. ಕಮೋಡ್ ಇಲ್ಲದಿದ್ದರೆ ಕಾಲುಗಳಿರುವ ಕಮೋಡ್ ಕುರ್ಚಿ ಬೇಕೇಬೇಕು, ಕುಕ್ಕರಗಾಲಿನಲ್ಲಿ ಕೂರುವ ಪ್ರಶ್ನೆಯೇ ಇಲ್ಲ. ಕುರ್ಚಿಗೆ ಎರಡೂ ಕಡೆ ಕೈ ಇರಬೇಕು. ಮೆತ್ತನೆಯ ಸೋಫಾ ನೋಡಲು ಎತ್ತರ, ಕೂತ ಮೇಲೆ ತಗ್ಗು. ಅದನ್ನು ಮರೆತುಬಿಡಿ.

ವಾಕರ್‌ನ ಅಗಲವನ್ನು ಸ್ನಾನದ ಮನೆಯ ಬಾಗಿಲಿನ ಜತೆ ಹೋಲಿಸಿ. ವಾಕರ್ ಒಳಗೆ ಹೋಗದೆ, ಬಾಗಿಲಲ್ಲಿ ಬಿಟ್ಟು ಗೋಡೆ ಹಿಡಿದು ಹೋಗುವುದು ಬೀಳುವುದಕ್ಕೆ ಸಿದ್ಧಮಾಡಿಟ್ಟ ದಾರಿ. ಹಿಡಿಕಂಬಿಯನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಬೇಕು. ಟವೆಲ್ ನೇತುಹಾಕುವ ಕೋಲು ಮನುಷ್ಯನ ಭಾರ ತಡೆಯುವುದಿಲ್ಲ. ನೆಲದ ಚಾಪೆ, ಕಾಲೊರಸು, ಹರಡಿದ ವೈರುಗಳನ್ನು ತೆಗೆಯಿರಿ. ಮಂಚದಿಂದ ಶೌಚಾಲಯದವರೆಗೆ ರಾತ್ರಿ ದೀಪವಿರಲಿ. ಉದ್ದ ಹಿಡಿಯ ಶೂ ಹಾರ್ನ್, ದೂರದ ವಸ್ತು ಎತ್ತುವ ಇಕ್ಕಳ, ಸ್ನಾನಕ್ಕೆ ಎತ್ತರದ ಸ್ಟೂಲು ಆಪರೇಷನ್‌ಗೆ ಮುಂಚೆಯೇ ಮನೆಯಲ್ಲಿರಲಿ. ಬಳಸಿ ಅಭ್ಯಾಸವೂ ಆಗಿರಲಿ.

ವಾಕರ್‌ನ ಎತ್ತರ ಸರಿಯೇ ಎಂದು ತಿಳಿಯಲು ನೆಟ್ಟಗೆ ನಿಂತು ಕೈ ಇಳಿಬಿಡಿ. ಹಿಡಿ ಮಣಿಕಟ್ಟಿನ ಮಡಿಕೆಯ ಮಟ್ಟಕ್ಕಿರಬೇಕು, ಹಿಡಿದಾಗ ಮೊಣಕೈ ಸ್ವಲ್ಪವೇ ಮಡಿಯಬೇಕು. ಏಳುವಾಗ ವಾಕರ್ ಹಿಡಿದು ಎಳೆದುಕೊಂಡರೆ ಅದು ಮಗುಚುತ್ತದೆ. ಆಪರೇಷನ್ ಆದ ಕಾಲನ್ನು ಮುಂದೆ ಚಾಚಿ, ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಆಮೇಲೆ ವಾಕರ್ ಹಿಡಿಯಬೇಕು. ಮೆಟ್ಟಿಲಿಗೆ ಒಂದೇ ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ವಾಕರ್ ಬಿಟ್ಟು ಒಂದು ಕೋಲಿಗೆ ಬಂದಾಗ ಕೋಲು ಆಪರೇಷನ್ ಆಗದ ಕಡೆಯ ಕೈಯಲ್ಲಿರಬೇಕು. ಬಹಳ ಜನ ನೋವಿರುವ ಕಡೆಯೇ ಹಿಡಿಯುತ್ತಾರೆ. ಆಗ ದೇಹ ಆ ಪಕ್ಕಕ್ಕೆ ವಾಲುವ ನಡಿಗೆ ರೂಢಿಯಾಗಿ, ಆಮೇಲೆ ಬಿಡಿಸಲು ತಿಂಗಳುಗಳೇ ಬೇಕಾಗುತ್ತವೆ.

ಮೊದಲ ವಾರಗಳ ವ್ಯಾಯಾಮ ಸರಳ: ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯ ಮುಂಭಾಗವನ್ನು ಬಿಗಿಹಿಡಿದು 5 ಸೆಕೆಂಡ್ ನಿಲ್ಲಿಸುವುದು, ಪಿರ್ರೆಗಳನ್ನು ಬಿಗಿಹಿಡಿಯುವುದು, ಮಲಗಿ ಹಿಮ್ಮಡಿಯನ್ನು ಜಾರಿಸುತ್ತ ಮಂಡಿ ಮಡಿಸುವುದು. ಒಂದೊಂದೂ 10 ಸಲ, ದಿನಕ್ಕೆ ಮೂರು ಹೊತ್ತು. ನಡಿಗೆಯನ್ನು ಒಂದೇ ಸಲ ಅರ್ಧ ಗಂಟೆ ಮಾಡುವ ಬದಲು 5 ನಿಮಿಷದಂತೆ ಐದಾರು ಸಲ ಮಾಡಿ. ಸಂಜೆ ಹೊತ್ತಿಗೆ ಊತ ಹೆಚ್ಚಿದರೆ, ಮರುದಿನ ಬೆಳಿಗ್ಗೆಯೂ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ಹಿಂದಿನ ದಿನ ಅತಿಯಾಗಿತ್ತು ಎಂದರ್ಥ.

ಮನೆಯ ಆಯ್ಕೆ ಕೆಡುವುದು ಮುಖ್ಯವಾಗಿ ಎರಡು ಕಡೆ. ಪ್ರೀತಿಯಿಂದಲೇ ಮನೆಯವರು ಎಲ್ಲವನ್ನೂ ಹಾಸಿಗೆಗೆ ತಂದುಕೊಡುತ್ತಾರೆ, ರೋಗಿ ಏಳುವುದೇ ಇಲ್ಲ. ಇನ್ನೊಂದು, ಮನೆಗೆ ಬರುವ ಥೆರಪಿಸ್ಟ್ ಇಡೀ ಅವಧಿಯನ್ನು ಮಾಲೀಸು, ಶಾಖ, ವಿದ್ಯುತ್ ಯಂತ್ರಗಳಲ್ಲೇ ಕಳೆಯುವುದು. ರೋಗಿಗೆ ಹಿತವೆನಿಸುತ್ತದೆ, ಸ್ನಾಯು ಮಾತ್ರ ಬೆಳೆಯುವುದಿಲ್ಲ. ಭೇಟಿಯ ಬಹುಭಾಗ ರೋಗಿ ನಿಂತಿರಬೇಕು, ನಡೆಯುತ್ತಿರಬೇಕು, ತಾನೇ ಕಾಲು ಎತ್ತುತ್ತಿರಬೇಕು. ಊದಿದ ಮೀನಖಂಡವನ್ನಂತೂ ಯಾರೂ ತಿಕ್ಕಬಾರದು. ಒಳಗೆ ರಕ್ತದ ಗೆಡ್ಡೆಯಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.

ಕಾಯದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಕೇಂದ್ರದಲ್ಲಿದ್ದರೆ ಇವನ್ನು ನರ್ಸ್ ಗಮನಿಸುತ್ತಾರೆ, ಮನೆಯಲ್ಲಿ ನೀವೇ ನರ್ಸ್. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುವುದು ರಕ್ತ ಹೆಪ್ಪುಗಟ್ಟಿರುವುದರ ಸೂಚನೆ ಇರಬಹುದು. ಹಠಾತ್ ಉಸಿರುಕಟ್ಟುವಿಕೆ, ಎದೆನೋವು, ಕೆಮ್ಮಿನಲ್ಲಿ ರಕ್ತ ಬಂದರೆ ಅದು ತುರ್ತು ಸ್ಥಿತಿ, ಆಂಬುಲೆನ್ಸ್ ಕರೆಯಿರಿ. ಗಾಯದಿಂದ ಒಂದು ವಾರದ ನಂತರವೂ ದ್ರವ ಸೋರುವುದು, ಕೆಂಪು ಹರಡುವುದು, 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ ಸೋಂಕಿನ ಗುರುತು. ಆಗ ಸರ್ಜನ್‌ಗೆ ತೋರಿಸದೆ, ಬೇರೆಯವರಿಂದ ಆಂಟಿಬಯಾಟಿಕ್ ಬರೆಸಿಕೊಂಡು ಸುಮ್ಮನಿರಬೇಡಿ. ಕೃತಕ ಕೀಲಿನ ಸುತ್ತ ಹಿಡಿದ ಸೋಂಕು ಮಾತ್ರೆಗೆ ತಾತ್ಕಾಲಿಕವಾಗಿ ಅಡಗಿ, ಬೇರೂರಿ ಮತ್ತೆ ಎದ್ದುಬರುತ್ತದೆ. "ಟಕ್" ಎಂಬ ಶಬ್ದದೊಂದಿಗೆ ತೀವ್ರ ನೋವು ಬಂದು, ಕಾಲು ಗಿಡ್ಡವಾಗಿ ಒಂದು ಕಡೆ ತಿರುಗಿ ನಿಂತರೆ ಕೀಲು ಜಾರಿದೆ. ಎಳೆದು ಸರಿಮಾಡಲು ಹೋಗದೆ, ಅಲುಗಿಸದೆ ಆಸ್ಪತ್ರೆಗೆ ಸಾಗಿಸಿ.

ಗಾಬರಿಪಡುವ ಅಗತ್ಯವಿಲ್ಲದ ಒಂದು ಸಂಗತಿಯೂ ಇದೆ. ಮೊದಲ ವಾರಗಳಲ್ಲಿ ಆಪರೇಷನ್ ಆದ ಕಾಲು ಉದ್ದವಾದಂತೆ ಅನಿಸುವುದು ಸಾಮಾನ್ಯ. ವರ್ಷಗಟ್ಟಲೆ ಸೆಟೆದ ಸ್ನಾಯುಗಳಿಂದ ಸೊಂಟ ಓರೆಯಾಗಿರುತ್ತದೆ, ಅದು ಸಡಿಲವಾಗುತ್ತ ಬಂದಂತೆ ಆ ಭಾವನೆ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ತಕ್ಷಣ ಇನ್ನೊಂದು ಚಪ್ಪಲಿಗೆ ಅಟ್ಟೆ ಹಾಕಿಸಿದರೆ ಓರೆಯೇ ಕಾಯಂ ಆಗಬಹುದು. ಮೂರು ತಿಂಗಳಾದರೂ ಕಾದು, ಅಳೆಸಿ, ಆಮೇಲೆ ಯೋಚಿಸಿ.

ಕೇಂದ್ರದಿಂದ ಯಾವಾಗ ಹೊರಡಬೇಕು

ದಿನ ಎಣಿಸಬೇಡಿ, ಕೆಲಸ ಎಣಿಸಿ. ಮಂಚದಿಂದ ತಾನೇ ಎದ್ದು ಮಲಗುವುದು, ಕುರ್ಚಿಯಿಂದ ಮತ್ತು ಕಮೋಡಿನಿಂದ ತಾನೇ ಏಳುವುದು, ವಾಕರ್ ಅಥವಾ ಕೋಲಿನಿಂದ ಸುಮಾರು 50 ಮೀಟರ್ ನಡೆಯುವುದು, ಮನೆಯಲ್ಲಿ ಎಷ್ಟು ಮೆಟ್ಟಿಲಿವೆಯೋ ಅಷ್ಟನ್ನು ಹತ್ತಿ ಇಳಿಯುವುದು, ನುಂಗುವ ಮಾತ್ರೆಯಲ್ಲೇ ನೋವು ಹತೋಟಿಯಲ್ಲಿರುವುದು. ಈ ಐದು ಆದ ಮೇಲೆ ಕೇಂದ್ರದಲ್ಲಿ ಉಳಿಯುವ ಪ್ರತಿ ದಿನಕ್ಕೂ ಕಾರಣ ಕೇಳುವ ಹಕ್ಕು ನಿಮಗಿದೆ.

ಪ್ರಗತಿ ಅಳೆಯಲು ಗಡಿಯಾರವೊಂದಿದ್ದರೆ ಸಾಕು. ಕೈಗಳಿರುವ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕೆಂದು ವಾರಕ್ಕೊಮ್ಮೆ ಬರೆದಿಡಿ. ಆರಂಭದಲ್ಲಿ ಅದು ಅರ್ಧ ನಿಮಿಷ ದಾಟಿದರೂ ಆಶ್ಚರ್ಯವಿಲ್ಲ, ಆದರೆ ವಾರದಿಂದ ವಾರಕ್ಕೆ ಇಳಿಯುತ್ತಿರಬೇಕು. ಎರಡು ವಾರ ಅಲ್ಲೇ ನಿಂತರೆ ಅಥವಾ ಏರಿದರೆ ಹುಡುಕಬೇಕಾದ ಕಾರಣ ಸ್ನಾಯುವಲ್ಲೇ ಇರಬೇಕೆಂದಿಲ್ಲ. ರಕ್ತಹೀನತೆ, ನಿಂತಾಗ ರಕ್ತದೊತ್ತಡ ಇಳಿಯುವುದು, ಸಾಲದ ಊಟ, ಬೀಳುವ ಭಯ ಇವನ್ನೂ ನೋಡಿಸಿ.

ಒಂದು ದಾರಿ ಹಿಡಿದರೆ ಕೊನೆಯವರೆಗೂ ಅದೇ ಎಂದೇನೂ ಇಲ್ಲ. ಕೇಂದ್ರದಲ್ಲಿ ಒಂದು ವಾರವಿದ್ದು ಭರವಸೆ ಬಂದ ಮೇಲೆ ಮನೆಗೆ ಬಂದು, ಆರನೇ ವಾರದಿಂದ ಕ್ಲಿನಿಕ್ಕಿಗೆ ಹೋಗುವುದು ಒಬ್ಬರೇ ವಾಸಿಸುವ ಅನೇಕರಿಗೆ ಚೆನ್ನಾಗಿ ಒಗ್ಗುತ್ತದೆ. ಹಾಗೆ ಮಾಡುವುದಾದರೆ ಮನೆಯ ಮೊದಲ ಥೆರಪಿ ಭೇಟಿಯ ದಿನವನ್ನು ಕೇಂದ್ರ ಬಿಡುವ ಮುಂಚೆಯೇ ಗೊತ್ತುಮಾಡಿ, ಎರಡು-ಮೂರು ದಿನಕ್ಕಿಂತ ಅಂತರ ಬೇಡ. ಹೊರಡುವ ಹಿಂದಿನ ದಿನ, ಮನೆಯಲ್ಲಿ ನೋಡಿಕೊಳ್ಳುವವರು ಕೇಂದ್ರಕ್ಕೆ ಬಂದು, ರೋಗಿಯನ್ನು ಮೆಟ್ಟಿಲು ಹತ್ತಿಸುವುದನ್ನೂ ಕಾರಿಗೆ ಹತ್ತಿಸುವುದನ್ನೂ ಥೆರಪಿಸ್ಟ್‌ನ ಎದುರಲ್ಲೇ ಒಮ್ಮೆ ಮಾಡಿ ನೋಡಲಿ. ಕಾರಿನಲ್ಲಿ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನೊರಗನ್ನು ಸ್ವಲ್ಪ ವಾಲಿಸಿ, ತಗ್ಗಿದ್ದರೆ ಗಟ್ಟಿ ದಿಂಬಿಟ್ಟು, ಮೊದಲು ಹಿಂತಿರುಗಿ ಕೂತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸಬೇಕು.